ನೊರೆ ಕಾರಿದ ಕಾರು

“ಇನ್ನು ಮೇಲೆ ಈ ಮನೆಯ ಕಾರಿನ ಬಾನೆಟ್ಟನ್ನ ಪರಪುರುಷ ಮುಟ್ಟೋ ಹಾಗಿಲ್ಲ.”

ಶನಿವಾರ ಸಂಜೆ ಕಾಫಿ ಲೋಟ ಕೆಳಗಿಟ್ಟು ಹೀಗೆ ಶಾಸನ ಹೊರಡಿಸಿದವರು ಲೈಬ್ರರಿಯವರು. ಊರಿನ ಲೈಬ್ರರಿಯಲ್ಲಿ ಪುಸ್ತಕ ಕೊಡುವ, ತೆಗೆದುಕೊಳ್ಳುವ, ಬೆನ್ನಿಗೆ ಚೀಟಿ ಅಂಟಿಸುವ ಕೆಲಸ ಅವರದು. ಪರಪುರುಷ ಅಂದರೆ ಬೀದಿ ಕೊನೆಯ ಮೆಕ್ಯಾನಿಕ್. ಹದಿನಾಲ್ಕು ವರ್ಷದಿಂದ ಆ ಕಾರಿನ ಕೆಮ್ಮು, ನೆಗಡಿ, ಮಂಡಿನೋವು ಎಲ್ಲ ನೋಡಿಕೊಂಡು ಬಂದವನು. ಪಾಪ, ಅವನೇನೂ ತಪ್ಪು ಮಾಡಿರಲಿಲ್ಲ. ಲೈಬ್ರರಿಯವರು ಕಾರು ರಿಪೇರಿಯ ದಪ್ಪ ಪುಸ್ತಕವೊಂದನ್ನು ಓದಲು ಶುರುಮಾಡಿದ್ದರು, ಅಷ್ಟೇ.

ಪೂರ್ತಿ ಓದಿರಲಿಲ್ಲ. ನಲವತ್ತೆರಡನೇ ಪುಟದಲ್ಲಿದ್ದಾಗ ಇನ್ಯಾರೋ ಅದೇ ಪುಸ್ತಕ ಬೇಕೆಂದು ಬರೆದುಕೊಟ್ಟರು. ತಮ್ಮ ಲೈಬ್ರರಿಯ ನಿಯಮವನ್ನು ತಾವೇ ಮುರಿಯುವುದುಂಟೇ? ಕೊಟ್ಟುಬಿಟ್ಟರು. ಉಳಿದ ಮುನ್ನೂರು ಪುಟವನ್ನು ಅಂದಾಜಿನಲ್ಲೇ ತಿಳಿದುಕೊಂಡರು.

“ಮಾಡೋದೇನೋ ಮಾಡಿ, ಸೋಮವಾರ ಕಳೆದ ಮೇಲೆ ಮಾಡಿ” ಎಂದಳು ಹೆಂಡತಿ.

ಅವಳು ನರ್ಸು. ಸೋಮವಾರ ಹನ್ನೊಂದಕ್ಕೆ ಅವಳ ಡ್ರೈವಿಂಗ್ ಪರೀಕ್ಷೆ, ಅದೂ ಮೂರನೇ ಸಲ. ಮೊದಲ ಸಲ ಏರಿನಲ್ಲಿ ಕಾರು ಹಿಂದಕ್ಕೆ ಜಾರಿತ್ತು. ಎರಡನೇ ಸಲ ಬೇಲಿಯಾಚೆ ನಿಂತು ಗಂಡ ಮಾಡಿದ ಕೈಸನ್ನೆ ನೋಡಿ ಎಡಕ್ಕೆ ತಿರುಗಿಸಿ, ನೆಟ್ಟಿದ್ದ ಕಂಬ ಮಲಗಿಸಿದ್ದಳು. ಆಸ್ಪತ್ರೆಯವರು ಅವಳಿಗೆ ಹೊಸ ಕೆಲಸ ಕೊಡುವುದಾಗಿ ಹೇಳಿದ್ದರು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಬರುವುದು. ರಾತ್ರಿ ಪಾಳಿಯಿಂದ ಬಿಡುಗಡೆ. ಆದರೆ ಈ ತಿಂಗಳೊಳಗೆ ಲೈಸೆನ್ಸ್ ಬೇಕು. ಈ ಸಲವೂ ತಪ್ಪಿದರೆ ಮುಂದಿನ ಸರದಿ ಬರುವಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗುತ್ತಿತ್ತು.

“ನಿನ್ನ ಪರೀಕ್ಷೆಗೇ ಕಣೇ ನಾನು ಕಾರು ಸಿದ್ಧ ಮಾಡ್ತಿರೋದು” ಎಂದರು ಲೈಬ್ರರಿಯವರು.

ಆ ಮನೆಯದೊಂದು ಪದ್ಧತಿ ಇತ್ತು. ಖಾಲಿಯಾದ ಡಬ್ಬಿ, ಬಾಟಲಿ ಯಾವುದನ್ನೂ ಎಸೆಯುತ್ತಿರಲಿಲ್ಲ. ಮೇಲಿನ ಹೆಸರಿಗೂ ಒಳಗಿನ ಸರಕಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಬಿಸ್ಕೆಟ್ ಡಬ್ಬಿಯಲ್ಲಿ ಸೂಜಿದಾರ, ಶಾಂಪೂ ಬಾಟಲಿಯಲ್ಲಿ ಹೊಲಿಗೆ ಯಂತ್ರದ ಎಣ್ಣೆ, ಪೌಡರ್ ಡಬ್ಬಿಯಲ್ಲಿ ಮೊಳೆ. ಅತ್ತೆ ಸೊಸೆಯರಿಗೆ ಎಲ್ಲ ಬಾಯಿಪಾಠ. ಕರೆಂಟು ಹೋದಾಗ ಕೈ ಹಾಕಿದರೂ ಬೇಕಾದದ್ದೇ ಸಿಗುತ್ತಿತ್ತು. ಆದರೆ ಹಗಲೆಲ್ಲ ಪುಸ್ತಕಕ್ಕೆ ಚೀಟಿ ಅಂಟಿಸಿ ಬರುವ ಮನುಷ್ಯನಿಗೆ ಮನೆಯಲ್ಲಿ ಇದನ್ನು ನೋಡಿ ನಿದ್ದೆ ಬರುವುದಾದರೂ ಹೇಗೆ?

ಭಾನುವಾರ ಸಂಜೆ ಅವರು ಅಂಟು, ಕತ್ತರಿ ಹಿಡಿದು ಹಿತ್ತಿಲ ಕಡೆಯ ಕಪಾಟಿನ ಮುಂದೆ ಕೂತರು. ಎಲ್ಲಕ್ಕೂ ಚೀಟಿ ಬಿತ್ತು. ಕೊನೆಗೆ ಉಳಿದವು ಎರಡು ಬಾಟಲಿ. ಎರಡೂ ಹಣ್ಣಿನ ರಸದ ಹಳೇ ಬಾಟಲಿಗಳೇ, ಎರಡರಲ್ಲೂ ಹಸಿರು ದ್ರವವೇ. ಒಂದು ಪಾತ್ರೆ ತೊಳೆಯುವ ಸೋಪು, ಇನ್ನೊಂದು ಮೆಕ್ಯಾನಿಕ್ ಉಳಿಸಿಕೊಟ್ಟಿದ್ದ ಕೂಲೆಂಟ್, ಅಂದರೆ ಇಂಜಿನ್ ಕಾಯದಂತೆ ರೇಡಿಯೇಟರಿಗೆ ಹಾಕುವ ನೀರು. ಕೂಲೆಂಟ್ ಹಸಿರಾಗಿರುತ್ತದೆ ಎಂದು ನಲವತ್ತೆರಡನೇ ಪುಟದಲ್ಲಿತ್ತು. ಎರಡು ಹಸಿರಿದ್ದರೆ ಏನು ಮಾಡಬೇಕೆಂಬುದು ಬಹುಶಃ ನಲವತ್ಮೂರರಲ್ಲಿತ್ತು.

ಹತ್ತು ಹೆಜ್ಜೆ ದೂರದಲ್ಲಿ ಅಮ್ಮ ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು. ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಿದರೆ ಮರ್ಯಾದೆ ಹೋಗುತ್ತಿತ್ತು. ಲೈಬ್ರರಿಯವರು ಎರಡನ್ನೂ ಬೆಳಕಿಗೆ ಹಿಡಿದು ತೀರ್ಪು ಕೊಟ್ಟರು: ಗಾಢವಾದದ್ದು ಗಂಭೀರ ಕೆಲಸಕ್ಕೆ, ತಿಳಿಯಾದದ್ದು ಪಾತ್ರೆಗೆ. ಚೀಟಿ ಅಂಟಿಸಿ, ತಿಳಿಯಾದದ್ದನ್ನು ಅಡುಗೆಮನೆಯಲ್ಲಿಟ್ಟು, ಗಾಢವಾದದ್ದನ್ನು ರೇಡಿಯೇಟರಿಗೆ ಗಟಗಟ ಕುಡಿಸಿ, ಬಾನೆಟ್ ಮುಚ್ಚಿ ಅದರ ಬೆನ್ನು ತಟ್ಟಿದರು.

ಸೋಮವಾರ ಬೆಳಿಗ್ಗೆ, ಹಿಂದಿನ ರಾತ್ರಿಯದೂ ಸೇರಿ ಎಂಜಲು ಪಾತ್ರೆಯನ್ನೆಲ್ಲ ತೊಟ್ಟಿಯಲ್ಲೇ ಬಿಟ್ಟು ಮೂವರೂ ಹೊರಟರು. ಸ್ಟಿಯರಿಂಗ್ ಹಿಂದೆ ಹೆಂಡತಿ, ಪಕ್ಕದಲ್ಲಿ ಗಂಡ, ಹಿಂದೆ ಅಮ್ಮ. ಹಿಂದಿನ ಎರಡು ಸೋಲನ್ನೂ ಬೆಂಚಿನ ಮೇಲೆ ಕೂತು ನೋಡಿದ್ದ ಅಮ್ಮ, “ಗೆಲ್ಲೋದನ್ನೂ ನಾನೇ ನೋಡ್ಬೇಕು” ಎಂದು ಹಟ ಮಾಡಿ ಬಂದಿದ್ದರು.

ಮೊದಲ ಎರಡು ಮೈಲಿ ಗಂಡನ ಪ್ರವಚನದಲ್ಲಿ ಕಳೆಯಿತು.

“ರಸ್ತೆಯಲ್ಲಿ ಆಪತ್ತು ಬಂದಾಗ ಮುಖ್ಯವಾದದ್ದು ಏನು ಹೇಳು?”

“ಪಕ್ಕದಲ್ಲಿ ಕೂತೋರು ಸುಮ್ನಿರೋದು.”

“ತಾಳ್ಮೆ ಕಣೇ, ತಾಳ್ಮೆ.”

“ಅದೇ ಅಲ್ವಾ ನಾನಿಷ್ಟು ಹೊತ್ತೂ ಇಟ್ಕೊಂಡಿರೋದು?”

ಹಿಂದಿನಿಂದ ಅಮ್ಮ ಮೆಲ್ಲಗೆ ಹೇಳಿದರು, “ಮಗಾ, ಗಾಡಿ ಬಾಯಿ ಮುಕ್ಕಳಿಸ್ತಾ ಇದೆಯಲ್ಲೋ.”

ಅಮ್ಮನ ಕಿವಿ ಅಂಥದು. ಹಾಲು ಉಕ್ಕುವ ಮುಂಚೆ ಅದರ ಸದ್ದು ಅವರಿಗೆ ಕೇಳಿಸುತ್ತಿತ್ತು. ಮಗ ನಕ್ಕರು. “ಅಮ್ಮಾ, ಅದು ಹೊಸ ಕೂಲೆಂಟ್ ಒಳಗೆ ಓಡಾಡೋ ಸದ್ದು.”

“ರೀ, ಬಿಸಿಯ ಮುಳ್ಳು ಕೆಂಪಿಗೆ ಹೋಗ್ತಿದೆ.”

“ಹೋಗಲಿ, ಬಿಸಿ ಬಂದಷ್ಟೂ ಇಂಜಿನ್ ಚುರುಕಾಗುತ್ತೆ.”

ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬೆಳ್ಳಗೆ ಏನೋ ಇಣುಕಿತು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಸೋಪು ತುಂಬಿದ ಕೊಡದ ಬಗ್ಗೆ ಏನೂ ಹೇಳಿ ಹೋಗಿಲ್ಲ. ಒಂದು ಹಿಡಿಯಷ್ಟಿದ್ದ ನೊರೆ ಒಂದು ಬುಟ್ಟಿಯಾಯಿತು, ಬುಟ್ಟಿ ಹೋಗಿ ಮೂಟೆಯಾಯಿತು. ಎರಡೂ ಕಡೆಯಿಂದ ಇಳಿದು ಚಕ್ರಕ್ಕೆ ಗಡ್ಡ ಬೆಳೆಸಿತು. ಗಾಳಿಗೊಂದು ಮುದ್ದೆ ಹಾರಿ ಬಂದು ಎದುರಿನ ಗಾಜಿಗೆ ಪಟ್ಟನೆ ಅಂಟಿತು.

ಹೆಂಡತಿ ಕೂಗಲಿಲ್ಲ. ಇಂಡಿಕೇಟರ್ ಹಾಕಿದಳು, ಕಾರನ್ನು ರಸ್ತೆಯ ಅಂಚಿಗೆ ತಂದಳು, ಇಂಜಿನ್ ಆರಿಸಿದಳು, ಹ್ಯಾಂಡ್‌ಬ್ರೇಕ್ ಎಳೆದಳು, ನಾಲ್ಕೂ ದೀಪ ಮಿನುಗಲು ಬಿಟ್ಟಳು. ಗಂಡ ಆಗಲೇ ಕೆಳಗೆ ಹಾರಿ, ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುತ್ತಿದ್ದರು. ಅವಳು ಓಡಿಬಂದು ಆ ಕೈಗೆ ಪಟಾರನೆ ಒಂದು ಕೊಟ್ಟಳು.

“ಬಿಸಿ ಇರೋವಾಗ ಬಿಚ್ಚಿದ್ರೆ ಕುದಿಯೋ ನೀರು ಮುಖಕ್ಕೇ ಹಾರುತ್ತೆ. ಸುಟ್ಟಗಾಯದ ವಾರ್ಡಲ್ಲಿ ಇಂಥೋರನ್ನ ಎಷ್ಟು ನೋಡಿಲ್ಲ ನಾನು. ಎಲ್ರೂ ತಾಳ್ಮೆ ಮುಖ್ಯ ಅಂತ್ಲೇ ನರಳ್ತಿರ್ತಾರೆ.”

ಲೈಬ್ರರಿಯವರು ಕೈ ಉಜ್ಜಿಕೊಂಡರು.

ಎದುರಿಗೊಂದು ಕ್ಷೌರದಂಗಡಿ. ಅಲ್ಲಿಂದ ಬ್ರಶ್ಶು ಹಿಡಿದ ಕ್ಷೌರಿಕ ಬಂದ. ಅವನ ಹಿಂದೆ ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ನೊರೆ ಇದ್ದ ಗಿರಾಕಿಯೂ ಕೊರಳ ಟವೆಲ್ಲಿನ ಸಮೇತ ಬಂದ. ಕ್ಷೌರಿಕ ಬೆರಳ ತುದಿಗೆ ನೊರೆ ತೆಗೆದು ತಿಕ್ಕಿ ನೋಡಿದ, ಮೂಸಿದ.

“ಇದು ಕೂಲೆಂಟ್ ಅಲ್ಲ ಸ್ವಾಮಿ.”

“ನೀವೇನು ಮೆಕ್ಯಾನಿಕ್ಕಾ?”

“ಅಲ್ಲ. ಆದ್ರೆ ನೊರೆ ವಿಷಯದಲ್ಲಿ ನಂದು ಮೂವತ್ತು ವರ್ಷದ ಸರ್ವೀಸು. ಇದು ಪಾತ್ರೆ ಸೋಪು, ನಿಂಬೆಹಣ್ಣಿನ ವಾಸನೇದು.”

“ನನಗೆ ಹಚ್ಚಿರೋದಕ್ಕಿಂತ ಚೆನ್ನಾಗಿದೆ” ಎಂದ ಗಿರಾಕಿ, ಆಸೆಯಿಂದ ಚಕ್ರದ ಕಡೆ ನೋಡುತ್ತ.

ಹೆಂಡತಿ ಗಂಡನತ್ತ ತಿರುಗಿದಳು. ಗಂಡ ಆಕಾಶ ನೋಡಿದರು. ಆಗ ಅಮ್ಮ ಕಿಟಕಿಯಿಂದ ತಲೆ ಹಾಕಿ ನಿಧಾನವಾಗಿ ಕೇಳಿದರು:

“ಅಲ್ಲ ಕಣೋ, ಹಂಗಾದ್ರೆ ಅಡುಗೆಮನೇಲಿ ಸೋಪು ಅಂತ ಚೀಟಿ ಅಂಟಿಸಿಟ್ಟಿದೀಯಲ್ಲ, ಅದರಲ್ಲಿ ಏನಿದೆ?”

ಹೆಂಡತಿಯ ಕೈ ತಟ್ಟನೆ ಹಣೆಗೆ ಹೋಯಿತು.

“ದೇವರು ದೊಡ್ಡೋನು, ನಿನ್ನೆ ರಾತ್ರಿಯಿಂದ ಪಾತ್ರೆ ತೊಳೆದಿಲ್ಲ” ಎಂದಳು ಹೆಂಡತಿ. “ಅತ್ತೆ, ಮನೆಗೆ ಹೋದ ತಕ್ಷಣ ಅದನ್ನ ಬೇರೆ ಇಡೋಣ, ವಿಷ ಅದು. ರೀ, ಅಲ್ಲೀವರೆಗೂ ಅಡುಗೆಮನೆಗೆ ನಿಮಗೆ ಪ್ರವೇಶ ಇಲ್ಲ.”

ಗಂಟೆ ಹತ್ತು ಹೊಡೆಯುತ್ತಿತ್ತು. ಬಾಡಿಗೆ ಗಾಡಿ ಹಿಡಿದು ಹೋಗೋಣವೆಂದರೆ, ಪರೀಕ್ಷೆಗೆ ಅವರವರ ಕಾರೇ ಬೇಕು. ಲೈಬ್ರರಿಯವರು ಹೆಂಡತಿಯ ಮುಖ ನೋಡಿದರು. ಸಿಟ್ಟಿರಲಿಲ್ಲ. ಅವಳು ತುಟಿ ಕಚ್ಚಿಕೊಂಡು ಗಡಿಯಾರ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

“ಏನು ಮಾಡ್ಬೇಕು ಹೇಳು, ಮಾಡ್ತೀನಿ” ಎಂದರು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಅಮ್ಮ ಕೂಡ ಕಿಟಕಿಯಿಂದ ಇನ್ನಷ್ಟು ಹೊರಗೆ ಬಾಗಿದರು.

ಅರ್ಧ ಗಂಟೆ ಇಂಜಿನ್ ಆರಲು ಬಿಟ್ಟರು. ಆಮೇಲೆ ಕ್ಷೌರಿಕನ ದಪ್ಪ ಟವೆಲ್ ಹಾಕಿ ಅವಳೇ ಮುಚ್ಚಳವನ್ನು ಒಂದಿಷ್ಟೇ ತಿರುಗಿಸಿ, ಒಳಗಿನ ಹಬೆ ಹೋಗಲು ಬಿಟ್ಟು, ತೆಗೆದಳು. ಅಂಗಡಿಯ ನಲ್ಲಿಯಿಂದ ಪೈಪು ಬಂತು. ಕೆಳಗಿನ ತಿರುಪು ಬಿಚ್ಚಲು ಕಾರಿನಡಿಗೆ ತೂರಿದವರು ಲೈಬ್ರರಿಯವರು. ಎಡಕ್ಕೋ ಬಲಕ್ಕೋ ಎಂದು ಯೋಚಿಸುತ್ತಿರುವಾಗಲೇ ಅದು ಬಿಚ್ಚಿಕೊಂಡು, ಉಗುರುಬೆಚ್ಚಗಿನ ನೊರೆಯೆಲ್ಲ ಅವರ ಎದೆಯ ಮೇಲೇ ಇಳಿಯಿತು.

“ಬಂತಾ?” ಮೇಲಿಂದ ಹೆಂಡತಿ.

“ಬಂತು” ಎಂದರು, ಬಾಯಲ್ಲೊಂದು ಗುಳ್ಳೆ ಒಡೆಯುತ್ತ.

ಒಂದು ಬದಿಯ ಗಡ್ಡದ ಗಿರಾಕಿ ಬಕೆಟ್ ಹಿಡಿದ. ಕೊಳೆನೀರನ್ನೆಲ್ಲ ಅದರಲ್ಲೇ ಹಿಡಿದು, ನಾಲ್ಕು ಸಲ ಒಳ್ಳೇ ನೀರು ಹಾಯಿಸಿದರು. ಐದನೇ ಸಲ ನೀರು ಹೆಚ್ಚುಕಡಿಮೆ ನೀರಿನಂತೆಯೇ ಬಂತು. ತಿರುಪು ಬಿಗಿದು, ನೀರು ತುಂಬಿ, ಮುಚ್ಚಳ ಹಾಕಿ ಹೊರಟಾಗ ಹನ್ನೊಂದಕ್ಕೆ ಹದಿನೈದು ನಿಮಿಷ. ಪರೀಕ್ಷೆಯ ಮೈದಾನ ಮುಟ್ಟಿದಾಗ ಮೂರೇ ನಿಮಿಷ ಬಾಕಿ.

ಪರೀಕ್ಷಕರು ಎತ್ತರದ, ನಗುವೇ ಕಾಣದ ಮನುಷ್ಯ. ಕಡತ ಹಿಡಿದು ಕಾರಿನಲ್ಲಿ ಕೂತರು. ಲೈಬ್ರರಿಯವರು ಬೇಲಿಯ ಹೊರಗೆ ಅಮ್ಮನ ಪಕ್ಕ ನಿಂತು, ಎರಡೂ ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಹುಗಿದುಕೊಂಡರು. ಅಮ್ಮ ಹಾಗೆಂದು ಆಜ್ಞೆ ಮಾಡಿದ್ದರು.

ಕಾರು ಏರು ಹತ್ತಿತು, ಜಾರಲಿಲ್ಲ. ಕಂಬಗಳ ನಡುವೆ ಹಾವಿನಂತೆ ಹರಿದುಬಂತು, ಒಂದೂ ಮಲಗಲಿಲ್ಲ. ಹಿಂದಕ್ಕೆ ಹೋಗಿ ಗೆರೆಯೊಳಗೆ ನಿಲ್ಲುವಾಗ ಮಾತ್ರ ಬಾನೆಟ್ಟಿನ ಸಂದಿಯಿಂದ ಬಣ್ಣಬಣ್ಣದ ಮೂರು ಗುಳ್ಳೆ ಎದ್ದು, ಪರೀಕ್ಷಕರ ಕಿಟಕಿಯ ಮುಂದೆ ಸಾವಕಾಶವಾಗಿ ತೇಲಿಹೋದವು. ಪರೀಕ್ಷಕರ ಕತ್ತು ಅವುಗಳ ಜೊತೆಯೇ ತಿರುಗಿತು. ಲೈಬ್ರರಿಯವರು ಕಣ್ಣು ಮುಚ್ಚಿಕೊಂಡರು.

ಕಾರು ಬೇಲಿಯ ಪಕ್ಕಕ್ಕೇ ಬಂದು ನಿಂತಿತು. ಪರೀಕ್ಷಕರು ಇಳಿದು ಬಾನೆಟ್ಟನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

“ಓಡಿಸೋದು ಸರಿಯಾಗಿದೆ. ಕೊನೇ ಪ್ರಶ್ನೆ. ಗಾಡಿ ಹೊರಡಿಸೋ ಮುಂಚೆ ಏನೇನು ನೋಡ್ಬೇಕಮ್ಮಾ?”

“ಟೈರಿನ ಗಾಳಿ, ಇಂಜಿನ್ ಆಯಿಲ್ಲು, ರೇಡಿಯೇಟರ್ ನೀರು, ಬ್ರೇಕು, ದೀಪ ನೋಡ್ಬೇಕು ಸರ್” ಎಂದಳು ಅವಳು. ಒಂದು ಕ್ಷಣ ತಡೆದು, ರೋಗಿಯ ಜ್ವರ ಹೇಳುವಷ್ಟೇ ಗಂಭೀರವಾಗಿ ಮುಂದುವರಿಸಿದಳು, “ಎಲ್ಲಕ್ಕಿಂತ ಮೊದ್ಲು, ಹಿಂದಿನ ದಿನ ಗಂಡ ಬಾನೆಟ್ ಎತ್ತಿದ್ರಾ ಅಂತ ಕೇಳ್ಬೇಕು.”

ಪರೀಕ್ಷಕರ ಪೆನ್ನು ನಿಂತಿತು. “ಅವರು ಬಂದಿದಾರಾ?”

“ಅಗೋ ಸರ್. ಹುಬ್ಬಿನ ಮೇಲೆ ನೊರೆ ಇರೋರು.”

ಪರೀಕ್ಷಕರು ಕಡತದಲ್ಲಿ ‘ಪಾಸ್’ ಎಂದು ದಪ್ಪಗೆ ಬರೆದರು. ಅಮ್ಮ ಬೇಲಿಯಾಚೆಯಿಂದಲೇ ಸೊಸೆಯ ಗಲ್ಲ ಹಿಡಿದು ಅಲ್ಲಾಡಿಸಿದರು. ಲೈಬ್ರರಿಯವರೂ ನಾಚಿಕೆ ಮರೆತು ಹಲ್ಲು ಬಿಟ್ಟರು. ಅಷ್ಟರಲ್ಲಿ ಪರೀಕ್ಷಕರು ನೆಟ್ಟಗೆ ಅವರ ಹತ್ತಿರ ಬಂದು, ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಇನ್ನೇನು, ಹೆಂಡತಿಗೆ ಕಲಿಸಿದ್ದಕ್ಕೆ ಹೊಗಳುತ್ತಾರೆಂದು ಲೈಬ್ರರಿಯವರು ಎದೆ ಸೆಟೆಸಿದರು.

“ತುಂಬಾ ಉಪಕಾರ ಆಯ್ತು ರೀ” ಎಂದರು ಪರೀಕ್ಷಕರು, ತಗ್ಗಿದ ದನಿಯಲ್ಲಿ. “ನಮ್ಮ ಮನೆಯವಳೂ ನನಗೆ ಬಾನೆಟ್ ಮುಟ್ಟೋಕೆ ಬಿಡಲ್ಲ. ಆರು ವರ್ಷದಿಂದ ಜಗಳ ಆಡ್ತಿದೀನಿ. ಇವತ್ತು ಹೋಗಿ ಕ್ಷಮೆ ಕೇಳ್ತೀನಿ.”