ಕೆಂದಿ ಮೇಯ್ದ ದಾರಿ

"ಲೋ ಲಕ್ಕಣ್ಣ, ದನಾನ ನೀನು ಕಾಯ್ತೀಯೋ, ಇಲ್ಲಾ ದನವೇ ನಿನ್ನ ಕಾಯ್ತದೋ?"

ಪಂಚಾಯ್ತಿ ಛೇರ್ಮನ್ ಬ್ಯಾಟರಾಯಪ್ಪ ಅರಳಿಕಟ್ಟೆಯ ಮೇಲೆ ಕೂತು ಈ ಮಾತು ಕೇಳಿದಾಗ ಸುತ್ತ ಅರ್ಧ ಊರು ನೆರೆದಿತ್ತು. ನಗು ಕೇಳಿ ಮಿಕ್ಕರ್ಧವೂ ಓಡಿಬಂತು. ಲಕ್ಕಣ್ಣನ ಮುಖ ಒಲೆಯ ಮೇಲಿನ ಹಂಚಿನ ಹಾಗೆ ಕಾದಿತು. ಬಾಯಿ ಮಾತ್ರ ತೆರೆಯಲಿಲ್ಲ. ಅವನ ಹಣೆಬರಹವೇ ಅಷ್ಟು. ಯಾರಾದರೂ ಅಂದರೆ ಆಡಿದರೆ ತಕ್ಕ ಉತ್ತರ ಹೊಳೆಯುತ್ತಿದ್ದದ್ದು ಮನೆಗೆ ಹೋಗಿ ಕಾಲು ತೊಳೆಯುವಾಗ. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಬೆತ್ತ ಎತ್ತಿದಾಗಲೂ ಹಾಗೇ ಆಗಿತ್ತು. ಉತ್ತರ ಹೊಳೆಯುವಷ್ಟರಲ್ಲಿ ಅವನು ಸ್ಕೂಲು ಬಿಟ್ಟಾಗಿತ್ತು.

ಆದದ್ದಿಷ್ಟು. ಸೋಲದೇವನಹಳ್ಳಿಯಿಂದ ಆಚೆಗಿನ ಆ ಊರಿಗೆ ದನ ಮೇಯಿಸಲು ಒಂದು ಕಾವಲಿತ್ತು. ದೀಪಾವಳಿ ಕಳೆದ ಮೇಲೆ ಅದರ ಅರ್ಧಭಾಗಕ್ಕೆ ದನ ಬಿಡದೆ ಹುಲ್ಲು ಬೆಳೆಸುವುದು, ಯುಗಾದಿಗೆ ಕುಯ್ದು ಮನೆಮನೆಗೂ ಹಂಚಿಕೊಳ್ಳುವುದು ಹಿರಿಯರು ಮಾಡಿದ ಕಟ್ಟು. ಈ ಸಲ ಕರಡ, ಹಂಚಿ ಹುಲ್ಲೆಲ್ಲ ಎದೆಯುದ್ದ ಬೆಳೆದು, ಮಾಗಿ, ಒಣಗಿ ನಿಂತಿತ್ತು. ಊರ ಬಣವೆಗಳಿಗೆ ತಾಗಿದ ಅಂಚಿನ ತಗ್ಗಿನಲ್ಲಿ ಮಾತ್ರ ಒಣಹುಲ್ಲಿನ ಬುಡಕ್ಕೆ ಗರಿಕೆ ಇನ್ನೂ ಹಸಿರಾಗಿತ್ತು. ಇದು ಊರಿನ ಯಾವ ದೊಡ್ಡ ಮನುಷ್ಯನಿಗೂ ಗೊತ್ತಿರಲಿಲ್ಲ. ಲಕ್ಕಣ್ಣನ ಹಸು ಕೆಂದಿಗೆ ಗೊತ್ತಿತ್ತು.

ಕೆಂದಿ ಹೋದತ್ತ ಊರ ದನವೆಲ್ಲ ಹೋಗುವುದು ವಾಡಿಕೆ. ಊರ ದನ ಕಾಯುವ ಲಕ್ಕಣ್ಣ ಹುಣಿಸೆ ಮರದಡಿ ಕಣ್ಣು ಮುಚ್ಚಿದ ಮಧ್ಯಾಹ್ನಗಳಲ್ಲಿ ಅವಳು ಕತ್ತಾಳೆ ಬೇಲಿಯಲ್ಲೊಂದು ಕಂಡಿ ಮಾಡಿ ದಂಡನ್ನೆಲ್ಲ ಒಳಗೆ ನಡೆಸಿದ್ದಳು. ಗರಿಕೆ ತಿಂದದ್ದಾಯ್ತು, ಒಣಗಿದ್ದು ಕಾಲಡಿಗೆ ಸಿಕ್ಕಿ ಪುಡಿಯಾಯ್ತು. ಇವತ್ತು ಛೇರ್ಮನ್ನರ ಕಣ್ಣಿಗೆ ಬೀಳುವ ಹೊತ್ತಿಗೆ, ಕ್ಷೌರದವನು ತಲೆಯ ಮೇಲೊಂದು ಪಟ್ಟಿ ಬೋಳಿಸಿ ಊಟಕ್ಕೆ ಎದ್ದುಹೋದ ಹಾಗೆ, ಬಣವೆಗಳ ಅಂಚಿನುದ್ದಕ್ಕೂ ಕಾವಲಿನ ಈ ತುದಿಯಿಂದ ಆ ತುದಿಗೆ ಗಾಡಿದಾರಿಯಗಲ ಬರೀ ನೆಲ ಕಾಣುತ್ತಿತ್ತು.

ಯುಗಾದಿವರೆಗೆ ಕೆಂದಿ ಬಂದೀದೊಡ್ಡಿಯಲ್ಲಿರತಕ್ಕದ್ದು ಎಂದು ಬ್ಯಾಟರಾಯಪ್ಪ ತೀರ್ಪು ಕೊಟ್ಟ. ಮಧ್ಯಾಹ್ನ ಗ್ರಾಮಸೇವಕರು ಬಂದು ಹುಲ್ಲಿಗೆ ಬೆಂಕಿ ಬೀಳದಂತೆ ಕಾಪಾಡುವುದು ಹೇಗೆಂದು ತೋರಿಸುವವರಿದ್ದರು. ಅದಕ್ಕೆ ಬೇಕಾದ ಹಸಿ ಹೊಂಗೆಸೊಪ್ಪನ್ನು ತಪ್ಪಿಗೆ ದಂಡವಾಗಿ ಲಕ್ಕಣ್ಣನೇ ಹೊತ್ತು ತರಬೇಕು. ಅಷ್ಟು ಹೇಳಿ ಬ್ಯಾಟರಾಯಪ್ಪ ತನ್ನ ಪಂಪ್‌ಸೆಟ್ಟಿನ ಕೋಸಿನ ತೋಟ ನೋಡಲು ಹೊರಟ. ಆ ತೋಟದ ಮೇಲೆ ದನವಿರಲಿ, ದನದ ನೆರಳು ಬಿದ್ದರೂ ಅವನಿಗೆ ಜ್ವರ ಬರುತ್ತಿತ್ತು.

ಲಕ್ಕಣ್ಣನಿಗೆ ಬೈಗುಳಕ್ಕಿಂತ ದೊಡ್ಡಿಯದೇ ಸಂಕಟ. ಅವತ್ತು ಸಂಜೆಗೇ ಚಿಕ್ಕಬಾಣಾವರದ ಮುನಿಶಾಮಪ್ಪ ಕೆಂದಿಯನ್ನು ನೋಡಲು ಬರುವವನಿದ್ದ. ಹುಡುಗನನ್ನು ಅವನು ನೋಡಿಯಾಗಿತ್ತು, ಹೇಳಿಕೊಳ್ಳುವಂಥದ್ದೇನೂ ಕಂಡಿರಲಿಲ್ಲ. ಹಾಲು ಕರೆಯುವ ಹಸುವಿಲ್ಲದ ಮನೆಗೆ ಮಗಳು ಗೋಪಾಲಮ್ಮನನ್ನು ಕೊಡುವುದಿಲ್ಲ ಎನ್ನುವುದು ಅವನ ಒಂದೇ ಹಟ. ಗೋಪಾಲಮ್ಮನೋ, ಹಿಂದಿನ ಸಲ ನೀರು ಕೊಡಲು ಬಂದಾಗ ಲಕ್ಕಣ್ಣನ ಹರಿದ ತೋಳು ನೋಡಿ ನಕ್ಕಿದ್ದಳು. ಮಾರನೆಯ ದಿನವೇ ಅವನು ಅದನ್ನು ಹೊಲಿಸಿದ್ದ. ಆಮೇಲೆ ಆ ನಗು ಇನ್ನೊಮ್ಮೆ ಕಾಣಬೇಕೆಂದು ಅಂಗಿಯನ್ನು ಮತ್ತೆ ಹರಿಯಲೂ ನೋಡಿದ್ದ.

ಮಗ ಬರಿಗೈಲಿ ಬಂದದ್ದು ಕಂಡು ತಾಯಿ ಸುಬ್ಬಮ್ಮ ತಲೆಮೇಲೆ ಕೈಹೊತ್ತು ಕೂತಳು. ಕರೆಯದೆ ಬಂದವಳು ಪಕ್ಕದ ಮನೆಯ ಅಕ್ಕಯ್ಯಮ್ಮ. ಊರಲ್ಲಿ ಯಾರ ಹಲ್ಲು ನೊಂದರೂ ಆಕೆ ದವಡೆ ಹಿಡಿದುಕೊಂಡು ಬರುವವಳು.

"ಅಳ್ತಾ ಕೂತ್ರೆ ಆಯ್ತದಾ ಸುಬ್ಬಮ್ಮ? ನಮ್ಮ ಬೋರೀನ ತಂದು ಕಟ್ಟು. ಅಸ ಅಸನೇ. ಬಂದೋನು ಕೊಂಬು ಎಣಿಸ್ತಾನಾ?"

ಬೋರಿ ಕಂದುಗಪ್ಪು. ಕುಂಕುಮದಂಥ ಬಣ್ಣದ ಹಸುವೆಂದು ಸುಬ್ಬಮ್ಮ ಬೀಗರ ಮುಂದೆ ಹೇಳಿಬಿಟ್ಟಿದ್ದಳು. ಅಕ್ಕಯ್ಯಮ್ಮನ ಬಳಿ ಅದಕ್ಕೂ ಮದ್ದಿತ್ತು. ಗೋಡೆಗೆ ಬಳಿಯಲು ನೆನೆಸಿದ್ದ ಕೆಮ್ಮಣ್ಣಿನ ಮಡಕೆ ತಂದು ಬೋರಿಯ ಬೆನ್ನಿಗೆ, ಹೊಟ್ಟೆಗೆ, ಕಿವಿಗೆ ಸಾರಿಸಿಯೇ ಬಿಟ್ಟಳು. ಮೋಸ ಬೇಡವೆಂದು ಲಕ್ಕಣ್ಣನಿಗೆ ಒಳಗೊಳಗೇ ಅನ್ನಿಸಿತು. ಆ ಮಾತೂ ಅವನಿಗೆ ಬಾಯಿಗೆ ಬಂದದ್ದು ಸೊಪ್ಪು ಕಡಿಯಲು ಹೊಂಗೆಮರ ಹತ್ತಿದ ಮೇಲೆ.

ಮಧ್ಯಾಹ್ನ ಕಾವಲಿನಲ್ಲಿ ಜನ ಸೇರಿದರು. ಯಲಹಂಕದಿಂದ ಸೈಕಲ್ಲು ತುಳಿದು ಬಂದ ಗ್ರಾಮಸೇವಕರು ಬೀಡಿತುಂಡು, ಬೂದಿ, ಒಣಹುಲ್ಲು ಅಂತ ಮೃದುವಾಗಿ ಹೇಳತೊಡಗಿದರು. ಒಂದು ಹಿಡಿ ಹುಲ್ಲಿಗೆ ಬೆಂಕಿಯಿಟ್ಟು, ಹಸಿಸೊಪ್ಪಿನಿಂದ ಬಡಿದು ಆರಿಸಿ ತೋರಿಸುವುದು ಅವರ ಎಣಿಕೆ. ಆದರೆ ಗಾಳಿ ಎದ್ದಿದೆ, ನಾಳೆ ಬೆಳಿಗ್ಗೆ ಮಾಡೋಣ ಎಂದರು. ಬ್ಯಾಟರಾಯಪ್ಪ ಬೆಂಕಿಪೊಟ್ಟಣ ಕಿತ್ತುಕೊಂಡ.

"ಗಾಳೀನೂ ನಮ್ಮೂರ್ದೇ ಕಣ್ರೀ. ನನ್ನ ಮಾತು ಮೀರಾಕಿಲ್ಲ."

ಗಾಳಿ ಮೀರಿತು. ಅವನು ಹೊತ್ತಿಸಿದ ಹಿಡಿ ಹುಲ್ಲಿನ ಕಿಡಿ ಎದೆಯುದ್ದದ ಕರಡಕ್ಕೆ ಹಾರಿ, ಮದುವೆಮನೆಯ ಗುಟ್ಟಿನ ಹಾಗೆ ಗಳಿಗೆಯಲ್ಲಿ ಎಲ್ಲೆಡೆ ಹಬ್ಬಿತು. ಛೇರ್ಮನ್ ಪಂಚೆ ಎತ್ತಿ ಕಟ್ಟಿ ಓಡಿದ. ಊರಿನ ಮೊದಲ ಪ್ರಜೆ ಊರನ್ನೂ ಮೊದಲಿಗನಾಗಿಯೇ ತಲುಪಿದ.

ಲಕ್ಕಣ್ಣ ಓಡಲಿಲ್ಲ. ಹುಬ್ಬು ಸುಟ್ಟುಕೊಂಡು ಸೊಪ್ಪು ಬಡಿದ. ಪಕ್ಕದಲ್ಲಿ ಎತ್ತಿಗೆ ಲಾಳ ಕಟ್ಟುವ ಖಾದರ್ ಬಾಷಾ, ಕನ್ನಡಕ ಕಳೆದುಕೊಂಡ ಗ್ರಾಮಸೇವಕರು ಬಡಿದರು. ಬೆಂಕಿ ಕೇಳಲಿಲ್ಲ. ಯುಗಾದಿಗೆ ಹಂಚಬೇಕಿದ್ದ ಹುಲ್ಲೆಲ್ಲ ಬೂದಿಯಾಗಿ, ಉರಿ ಬಣವೆಗಳತ್ತ ನುಗ್ಗಿತು. ಬಣವೆ ಹತ್ತಿದರೆ ಅದರ ಹಿಂದಿನ ಗರಿಮನೆಗಳು, ಆಮೇಲೆ ಊರು. ಹೆಂಗಸರು ಕೊಡ ಹಿಡಿದು ಬರುವಷ್ಟರಲ್ಲಿ ಬೆಂಕಿ ಅಂಚಿಗೆ ಬಂತು. ಬಂದು ನಿಂತಿತು. ಎಲೆ ಹಾಕದ ಪಂಕ್ತಿಯಲ್ಲಿ ಕೂತ ನೆಂಟನ ಹಾಗೆ ಅತ್ತ ಇತ್ತ ನೋಡಿತು, ಕೆಂದಿ ಮೇಯ್ದ ದಾರಿಯಲ್ಲಿ ತಿನ್ನಲು ಒಂದು ಕಡ್ಡಿಯೂ ಸಿಗದೆ ಅಲ್ಲೇ ಕುಸಿದು ಆರಿಹೋಯಿತು.

ಮುನಿಶಾಮಪ್ಪ ಹೊತ್ತಿಗೆ ಮುಂಚೆಯೇ ಬಂದಿದ್ದ. ಅಷ್ಟರಲ್ಲಿ ಬೋರಿ ನಾಲಗೆ ನಿಲುಕಿದಷ್ಟೂ ಕೆಮ್ಮಣ್ಣು ನೆಕ್ಕಿ, ಒಂದು ಮಗ್ಗುಲು ಕೆಂಪಾಗಿ ಇನ್ನೊಂದು ಮಗ್ಗುಲು ಕಪ್ಪಾಗಿ ನಿಂತಿತ್ತು. ಇದು ಯಾವ ಸೀಮೆಯ ತಳಿ ಎಂದು ಅವನು ಕೇಳಿದ್ದಕ್ಕೆ ಸುಬ್ಬಮ್ಮ ತಡವರಿಸುತ್ತಿರುವಾಗಲೇ ಬೆಂಕಿಯ ಕೂಗೆದ್ದು ಅವಳನ್ನು ಕಾಪಾಡಿತ್ತು. ಅವನೂ ಕಾವಲಿಗೆ ಓಡಿಬಂದು ಎಲ್ಲ ಕಣ್ಣಾರೆ ಕಂಡ. ಜನ ದೊಡ್ಡಿಯಿಂದ ಕೆಂದಿಯನ್ನು ಬಿಡಿಸಿ, ಅರಿಶಿನ ಕುಂಕುಮವಿಟ್ಟು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ ತಂದರು. ಬೆಳಿಗ್ಗೆ ನಕ್ಕ ಬಾಯಿಗಳೇ ಈಗ ಲಕ್ಕಣ್ಣನ ಬೆನ್ನು ತಟ್ಟಿದವು. ಉರಿ ಆರಿದ್ದು ಖಾತ್ರಿಯಾದ ಮೇಲೆ ಛೇರ್ಮನ್ನನೂ ಮೆಲ್ಲಗೆ ಬಂದು ಗುಂಪು ಸೇರಿದ.

"ಊರು ಉಳಿಸಿದ ಅಸ ಇರೋ ಮನೆ" ಎಂದ ಮುನಿಶಾಮಪ್ಪ. "ಇಂತಾ ಮನೆಗೆ ಎಣ್ಣು ಕೊಡದೆ ಇನ್ಯಾರಿಗೆ ಕೊಡ್ಲವ್ವ ಸುಬ್ಬಮ್ಮ?"

ಲಕ್ಕಣ್ಣ ಸುಟ್ಟ ಹುಬ್ಬಿನಲ್ಲೇ ನಕ್ಕ. ಆಗಲೇ ಖಾದರ್ ಬಾಷಾ, ಮೈಯೆಲ್ಲ ಮಸಿಯಾಗಿ, ತಣ್ಣಗೆ ಕೇಳಿದ್ದು.

"ಅದೆಲ್ಲ ಇರ್ಲಿ ಛೇರ್ಮನ್ನರೇ, ಕಡ್ಡಿ ಗೀರಿದ್ದು ಯಾರು?"

ಊರೆಲ್ಲ ಬ್ಯಾಟರಾಯಪ್ಪನತ್ತ ತಿರುಗಿತು. ವರ್ಷದ ಮೇವು ಕಳೆದುಕೊಂಡ ಅಷ್ಟೂ ಕಣ್ಣು ಒಟ್ಟಿಗೆ. ಮರುಗಳಿಗೆ ಅವನು ಕೆಂದಿಯ ಕಾಲಿಗೆ ಉದ್ದಂಡ ಬಿದ್ದಿದ್ದ.

"ಊರ ಕಾಯೋ ತಾಯೀ ಪಟಾಲಮ್ಮಾ! ಇದು ಬರೀ ಅಸ ಅಲ್ಲ ಕಣ್ರಪ್ಪೋ, ಅಮ್ಮನೇ ಬಂದು ಗೆರೆ ಎಳೆದವಳೆ. ಇವತ್ತಿಂದ ಇವಳು ದೇವ್ರ ಅಸ. ಇವಳ್ನ ಕಟ್ಟಂಗಿಲ್ಲ, ಒಡೆಯಂಗಿಲ್ಲ, ಎಲ್ಲಿ ಮೇದ್ರೂ ಬ್ಯಾಡ ಅನ್ನಂಗಿಲ್ಲ. ಆಲು ಅಮ್ಮನ ಅಭಿಸೇಕಕ್ಕೆ."

ಯಾರೋ ಕಾಯಿ ಒಡೆದರು. ಆ ಸದ್ದಿನಲ್ಲಿ ಖಾದರ್ ಬಾಷಾನ ಪ್ರಶ್ನೆ ಮುಳುಗಿತು. ಅಕ್ಕಯ್ಯಮ್ಮ ಮೈದುಂಬಿ ಕೆಂದಿಯ ಕೊಂಬಿಗೆ ಅರಿಶಿನದ ಬಟ್ಟೆ ಕಟ್ಟಿದಳು. ಅಭಿಷೇಕದ ಹಾಲು ಕೊನೆಗೆ ಹೋಗುವುದು ಪೂಜಾರಿಯ ಮನೆಗೆ, ಪೂಜಾರಿ ಛೇರ್ಮನ್ನನ ಷಡ್ಡಕ. ಇದು ಎಲ್ಲರಿಗೂ ಗೊತ್ತು. ಆದರೆ ಅಮ್ಮನಿಗೆ ಕೊಡೆನೆಂದು ಹೇಳುವವರು ಯಾರು? ಸುಬ್ಬಮ್ಮನೇ ಕೈಮುಗಿದು ನಿಂತಿದ್ದಳು. ಅವಳ ಕಣ್ಣೀರು ಭಕ್ತಿಯದೋ ಬೇರೆಯದೋ ಯಾರೂ ಕೇಳಲಿಲ್ಲ.

ಮುನಿಶಾಮಪ್ಪ ಕೆಂದಿಯ ಗೊರಸಿಗೆ ಹಣೆ ಮುಟ್ಟಿಸಿ ಎದ್ದ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಪುಣ್ಯವಂತರು ನೀವು" ಎಂದ, ಲಕ್ಕಣ್ಣನ ಮುಖ ನೋಡದೆ. "ಆಲು ದೇವ್ರುದಾಯ್ತಲ್ಲ. ಇನ್ನೊಂದು ಅಸ ಕಟ್ಟಿದ ಮ್ಯಾಲೆ ಏಳಿ ಕಳ್ಸಪ್ಪ."

ಅವನು ಚಿಕ್ಕಬಾಣಾವರದ ದಾರಿ ಹಿಡಿದ. ದೂರದಲ್ಲಿ ಅವನ ಬಿಳಿ ಟವೆಲು ಚಿಕ್ಕದಾಗುತ್ತಾ ಹೋದದ್ದನ್ನು ಲಕ್ಕಣ್ಣ ನೋಡುತ್ತಲೇ ನಿಂತ. ಸೊಪ್ಪು ಬಡಿದ ಅಂಗೈ ಈಗ ಉರಿಯತೊಡಗಿತ್ತು.

ಬ್ಯಾಟರಾಯಪ್ಪ ಮಣ್ಣು ಕೊಡವಿಕೊಂಡು, ಹೋದ ಗತ್ತನ್ನು ಮತ್ತೆ ಮೈಮೇಲೆ ಹೊದ್ದುಕೊಂಡ. ದೇವರ ಹಸುವಿನ ಹಿಂದೆ ನಡೆಯಲು ಒಬ್ಬ ಆಳು ಬೇಕಲ್ಲ, ಆ ಭಾಗ್ಯ ಲಕ್ಕಣ್ಣನಿಗೇ ಇರಲಿ ಎಂದು ಸಾರಿದ. ಕೂಲಿಯ ಮಾತು ಬರಲಿಲ್ಲ. ದೇವರ ಕೆಲಸಕ್ಕೆ ಕೂಲಿ ಕೇಳುವುದುಂಟೆ?

ಕೆಂದಿಗೆ ಭಾಷಣ ಸಾಕಾಗಿತ್ತು. ಬೆಳಿಗ್ಗೆಯಿಂದ ದೊಡ್ಡಿಯಲ್ಲಿ ಹೊಟ್ಟೆಗಿಲ್ಲದೆ ನಿಂತವಳು. ಕಾವಲಿನತ್ತ ನೋಡಿದಳು, ಬರೀ ಬೂದಿ. ಮೂಗೆತ್ತಿ ಗಾಳಿ ಮೂಸಿದಳು. ತಿರುಗಿ, ಹಾರ ಅಲ್ಲಾಡಿಸುತ್ತಾ, ಕೆರೆ ಏರಿಯ ಕೆಳಗೆ ಹಚ್ಚಗೆ ಕಾಣುವ ಪಂಪ್‌ಸೆಟ್ಟಿನ ಕೋಸಿನ ತೋಟದ ಕಡೆ ಹೆಜ್ಜೆ ಹಾಕಿದಳು. ಅವಳ ಹಿಂದೆ, ವಾಡಿಕೆಯಂತೆ, ಊರ ದನವೆಲ್ಲ.

"ಲೋ ಲಕ್ಕಣ್ಣ" ಬ್ಯಾಟರಾಯಪ್ಪನ ದನಿ ಒಡೆಯಿತು. "ಎತ್ತ ಒಡಕೊಂಡು ಓಗ್ತಿದ್ದೀಯೋ? ತಿರುಗ್ಸು ಅದನ್ನ. ಲೋ, ನಿನ್ನೇ ಕೇಳ್ತಿರಾದು!"

ಜನ್ಮದಲ್ಲಿ ಮೊದಲ ಸಲ ಉತ್ತರ ಹೊತ್ತಿಗೆ ಸರಿಯಾಗಿ ಬಂದು ಲಕ್ಕಣ್ಣನ ನಾಲಗೆಯ ತುದಿಯಲ್ಲಿ ಕೂತಿತ್ತು. ಅವನು ಅದನ್ನು ಅಲ್ಲೇ ಕೂರಗೊಟ್ಟು, ಕೈಲಿದ್ದ ಕೋಲನ್ನು ಕತ್ತಾಳೆ ಬೇಲಿಗೆ ಎಸೆದು, ದನಗಳ ಹಿಂದೆ ನಡೆದುಬಿಟ್ಟ.