ಜಮಾದಾರ ಗೆದ್ದ ದಿನ

"ಕೈ ತಗೀತಿಯೋ, ಇಲ್ಲಾ ಈ ಚರಿಗಿ ತಗೊಂಡು ನಿನ್ನ ತಲಿಗೆ ಬಡೀಲೋ?" ಎಂದು ಶೇಖಮ್ಮ ಒದರಿದಳು.

"ಬಡಿ, ಬಡದು ನೋಡು. ಹುಂಜದ ಸಲುವಾಗಿ ಗಂಡನ್ನ ಬಡದ್ಲು ಅಂತ ಮಾನ್ವಿ ತುಂಬಾ ಹೆಸರಾಗ್ಲಿ," ಎಂದ ಸುಂಕಪ್ಪ.

"ಗಂಡನ್ನ ಬಡದ್ರ ಎರಡು ದಿನಕ್ಕ ಮಾಯ್ತದ. ಹುಂಜಕ್ಕ ಥಂಡಿ ಹತ್ತಿದ್ರ ಸಾಯ್ತದ. ಇನ್ನಾ ಬಿಸಲು ಬಿದ್ದಿಲ್ಲ, ತಣ್ಣೀರಾಗ ಮುಳಗಸಾಕತ್ತೀಯಲ್ಲ, ನಿನಗ ಬುದ್ಧಿಗಿದ್ದಿ ಐತೋ ಇಲ್ಲೋ?"

"ಬಂದೇನವಾಜ್ ಹೇಳ್ಯಾನ."

"ಅಂವ ಬಾವ್ಯಾಗ ಬೀಳು ಅಂದ್ರ ಬೀಳ್ತಿ ಏನು?"

ಹಿತ್ತಲ ಗೋಡೆಯ ಮೇಲೆ ಒಂದು ಕೆಂಪು ರುಮಾಲು ಎದ್ದಿತು, ಅದರ ಕೆಳಗೆ ಜಟಕಾ ಹೊಡೆಯುವ ಬಂದೇನವಾಜನ ಮುಖ ಎದ್ದಿತು. "ಭಾಭಿ, ನಾ ಅಂದಿದ್ದು ಉಗುರು ಬೆಚ್ಚನ ನೀರು. ಅದರಾಗ ಅಂಟುವಾಳ ಕಾಯಿ ತಿಕ್ಕು ಅಂದೀನಿ. ಹೇಳಿದ ಮಾತು ಅರ್ಧಾ ಕೇಳಿ ಎದ್ದು ಹೋಗ್ತಾನ ನಿನ್ನ ಗಂಡ, ನಾ ಏನು ಮಾಡ್ಲಿ?"

ಈ ಮೂವರ ನಡುವೆ ಬುಟ್ಟಿಯಷ್ಟಗಲದ ಬೋಗುಣಿಯಲ್ಲಿ ತೊಯ್ದು ತೊಪ್ಪೆಯಾಗಿ ನಿಂತವನು ಜಮಾದಾರ. ಅದು ಹುಂಜದ ಹೆಸರು. ಅಸೀಲ್ ಜಾತಿ. ಮೊಣಕಾಲು ದಾಟುವ ಎತ್ತರ, ಮುತ್ತಿನಂಥ ಬಿಳಿ ಕಣ್ಣು, ಕಂಚಿನ ಬಣ್ಣದ ಕುತ್ತಿಗೆ, ಕುಡಗೋಲಿನಂತೆ ಬಾಗಿದ ಬಾಲ. ಓಣಿಯಲ್ಲಿ ಹೊರಟರೆ ಪಗಾರಾದ ದಿನದ ಪೊಲೀಸ್ ಜಮಾದಾರನ ಹಾಗೆ ಎದೆ ಮುಂದು, ಹೆಜ್ಜೆ ನಿಧಾನ. ತಾಯಿ ಕೋಳಿಯನ್ನು ಕಾಡುಬೆಕ್ಕು ಒಯ್ದಾಗ ಅದು ಹೆಬ್ಬೆರಳಷ್ಟಿತ್ತು. ಶೇಖಮ್ಮ ಅರಳೆಯ ಬುಟ್ಟಿಯಲ್ಲಿಟ್ಟು, ಜೋಳದ ನುಚ್ಚು ನೆನೆಸಿ ಬೆರಳ ತುದಿಯಿಂದ ತಿನ್ನಿಸಿ ದೊಡ್ಡದು ಮಾಡಿದಳು. ಅವಳ ಕೈ ಒಂದನ್ನು ಬಿಟ್ಟು ಬೇರೆ ಯಾವ ಕೈಯನ್ನೂ ಅದು ಹತ್ತಿರ ಸೇರಿಸುತ್ತಿರಲಿಲ್ಲ. ಮೂರು ವರ್ಷ ಒಂದೇ ಸೂರಿನ ಕೆಳಗೆ ಇದ್ದರೂ ಸುಂಕಪ್ಪನನ್ನು ಕಳ್ಳನೆಂದೇ ತಿಳಿದಿತ್ತು. ಅವನ ಮುಂಗೈ ಕುಕ್ಕಿಸಿಕೊಂಡು ಜರಡಿಯಾಗಿತ್ತು.

ಇಷ್ಟಾದರೂ ಆ ಹುಂಜ ಉಳಿಯಬೇಕೆಂದೇ ಸುಂಕಪ್ಪ ಅದನ್ನು ತೊಳೆಯುತ್ತಿದ್ದ.

ಹದಿನೈದು ದಿನದ ಹಿಂದೆ, ಊರೂರು ತಿರುಗಿ ತಪಾಸಣೆ ಮಾಡುವ ದೌರಾ ಸಾಹೇಬರ ಜವಾನ ಮಾಳಿಂಗಪ್ಪ ಓಣಿಯಲ್ಲಿ ಹಾಯುತ್ತಾ ಜಮಾದಾರನನ್ನು ಕಂಡು ನಿಂತಿದ್ದ. ಎರಡು ಕೈ ಚಾಚಿ ಗಾಳಿಯಲ್ಲೇ ತೂಕ ಮಾಡಿದ್ದ. "ಸುಂಕಪ್ಪಾ, ಅಮಾಸಿ ಮುಂದ ಸಾಹೇಬರ ಮೊಕ್ಕಾಂ ಅದ. ಈ ಹುಂಜ ಯಾರಿಗೂ ಕೊಡಬ್ಯಾಡ," ಎಂದು ಹೇಳಿ ಹೋಗಿದ್ದ. ಆ ಕಾಲದಲ್ಲಿ ಜವಾನ ಹೀಗೆ ಹೇಳಿ ಹೋದನೆಂದರೆ ಹುಂಜ ಸಾಹೇಬರ ಊಟಕ್ಕೆ ಹೋಯಿತು, ಮನೆಯವರು ಅದರ ಆಸೆ ಬಿಡಬೇಕು ಎಂದೇ ಅರ್ಥ. ಬೇಡ ಎನ್ನುವ ಬಾಯಿ ಯಾರಿಗೂ ಇರಲಿಲ್ಲ. ಶೇಖಮ್ಮ ಎರಡು ದಿನ ಒಲೆ ಹಚ್ಚಲಿಲ್ಲ.

ಉಪಾಯ ಹೇಳಿದವನು ಎದುರು ಮನೆಯ ರಾಮಣ್ಣ. ಬೇವಿನ ಮರದ ಕೆಳಗೆ ಕೂತು ಊರ ಮಂದಿಗೆ ಉರ್ದುವಿನಲ್ಲಿ ಅರ್ಜಿ ಬರೆದುಕೊಡುವವ. ಗೊತ್ತಿಲ್ಲ ಎಂಬ ಮಾತೊಂದು ಬಿಟ್ಟು ಉಳಿದ ಮಾತೆಲ್ಲ ಅವನಿಗೆ ಬರುತ್ತಿತ್ತು.

"ರಾಯಚೂರಾಗ ಸರ್ಕಾರದವರು ಕೋಳಿಗಳ ನುಮಾಯಿಷ್, ಪ್ರದರ್ಶನ ಇಟ್ಟಾರ," ಎಂದಿದ್ದ ರಾಮಣ್ಣ, ಒಂದು ಹಸಿರು ಕಾಗದ ಬಿಡಿಸಿ. "ಎಲ್ಲಾದರಕಿಂತ ಚಲೋ ಹುಂಜಕ್ಕ ಸನದು ಅಂತ ಸರ್ಕಾರಿ ಪತ್ರ, ಮ್ಯಾಲೆ ಇನಾಮು. ಒಮ್ಮೆ ಸರ್ಕಾರದ ಮೊಹರು ಬಿತ್ತಂದ್ರ ಅದು ಹುಂಜಲ್ಲ ತಮ್ಮಾ, ದಫ್ತರ, ಸರ್ಕಾರಿ ದಾಖಲಿ. ದಫ್ತರ ಕೊಯ್ದು ಸಾರು ಮಾಡಿದ ಸಾಹೇಬನ್ನ ಎಲ್ಲೆರ ಕಂಡೀಯೇನು?"

ಸುಂಕಪ್ಪ ಕಂಡಿರಲಿಲ್ಲ. ಹತ್ತಿ ಮಿಲ್ಲಿನಲ್ಲಿ ಅಂಡಿಗೆ ಹೊರುವವನು ಅವನು. ದಫ್ತರವೆಂದರೆ ಎಲ್ಲರೂ ಹೆದರುತ್ತಾರೆ ಎಂಬುದಷ್ಟು ಅವನಿಗೆ ಗೊತ್ತಿತ್ತು. ಆ ಹೆದರಿಕೆಯ ಹಿಂದೆ ತನ್ನ ಹುಂಜವನ್ನು ಅಡಗಿಸಿಡುವುದೇ ಸರಿ ಎನಿಸಿತು.

ಹೀಗೆ ಆ ದಿನ ಜಮಾದಾರನ ಸ್ನಾನವಾಯಿತು. ಬಿಸಿ ಬೂದಿಯ ಮೇಲೆ ಬುಟ್ಟಿ ಕವುಚಿ ಶೇಖಮ್ಮ ಅದನ್ನು ಒಣಗಿಸಿದಳು, ಹಳೇ ಕುಪ್ಪಸದಲ್ಲಿ ಸುತ್ತಿದಳು. ರಾಯಚೂರಿಗೆ ಹೊರಟಾಗ ಕಾಗದ ಓದಲೆಂದು ರಾಮಣ್ಣ ಜೊತೆಗೆ ಬಂದ. ಬಂದೇನವಾಜ್ ಜಟಕಾ ಬಿಟ್ಟು, ಎಣ್ಣೆ ಎಂದು ಹೇಳಿ ಎರಡು ಸೀಸೆ ಹಿಡಿದು ಬಂದ. ಅವನ ಮನೆಯಲ್ಲಿ ನಾಲ್ಕು ಕಾಳಗದ ಹುಂಜಗಳಿದ್ದವು. ಕೋಳಿಯ ವಿಷಯ ತನಗಿಂತ ಹೆಚ್ಚು ಕೋಳಿಗೂ ತಿಳಿಯದು ಎಂದು ಅವನ ನಂಬಿಕೆ.

ಮಹಾಯುದ್ಧದ ಕಾಲ. ಪೆಟ್ರೋಲ್ ಇರಲಿಲ್ಲ. ರಾಯಚೂರಿನ ಬಸ್ಸು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು, ದಮ್ಮಿನ ರೋಗಿಯ ಹಾಗೆ ಕೆಮ್ಮುತ್ತಾ ಓಡುತ್ತಿತ್ತು. ಕಂಡಕ್ಟರ್ ಹುಂಜವನ್ನು ನೋಡಿದ್ದೇ "ಹಿಂದ, ಹಿಂದ" ಎಂದು ತೋರಿಸಿದ.

"ಹಿಂದ ಒಲಿ ಐತಲ್ಲೋ," ಎಂದಳು ಶೇಖಮ್ಮ.

"ಹೌದು ಯವ್ವಾ. ಕೋಳಿಗೂ ಒಲಿಗೂ ಮೊದಲಿಂದ ಬಳಗ ಅದ."

ಶೇಖಮ್ಮ ಅವನನ್ನು ನೋಡಿದ ನೋಟಕ್ಕೆ ಆತ ಕಲ್ಲೂರು ಬರುವವರೆಗೆ ಹಿಂದಕ್ಕೆ ಮುಖ ತಿರುಗಿಸಲಿಲ್ಲ. ಕಲ್ಲೂರು ದಾಟಿದ ಮೇಲೆ ಏರಿನಲ್ಲಿ ಬಸ್ಸು ನಿಂತಿತು. ಕ್ಲೀನರ್ ಒಲೆಯ ಚಕ್ರ ಗರಗರ ತಿರುಗಿಸಿದ. ಒಮ್ಮೆಲೇ ಭುಸ್ಸೆಂದು ಮಸಿ ಒಳಗೆ ನುಗ್ಗಿತು. ಹೊಗೆ ತಿಳಿಯಾದಾಗ ಹಿಂದಿನ ಬೆಂಚಿನಲ್ಲಿ ನಾಲ್ಕು ಇದ್ದಿಲ ಬೊಂಬೆಗಳೂ ಒಂದು ಕಾಗೆಯೂ ಕೂತ ಹಾಗಿತ್ತು. ಕಾಗೆ ಸಿಟ್ಟಿನಿಂದ ರಾಮಣ್ಣನ ಕಿವಿ ಹಿಡಿಯಿತು.

"ಬಿಡಸ್ರೋ! ಇದು ನನಗ ಯಾಕ ಕಡೀತದ? ನಾ ಬರೀ ಕಾಗದ ಓದಾಕ ಬಂದಾಂವ!"

"ಅದಕ್ಕ ಕಡೀತದ," ಎಂದಳು ಶೇಖಮ್ಮ.

ರಾಯಚೂರಿನಲ್ಲಿ ಇಳಿದವರೇ ಮಾವಿನಕೆರೆಗೆ ಓಡಿದರು. ಎರಡನೆಯ ಸ್ನಾನವಾಯಿತು. ಬಂದೇನವಾಜ್ ಬೇವಿನ ಕಡ್ಡಿಯಿಂದ ಕಾಲಿನ ಹುರುಪೆ ತಿಕ್ಕಿದ, ಜುಟ್ಟಿಗೆ ಔಡಲೆಣ್ಣೆ ಸವರಿದ, ರೆಕ್ಕೆ ಬಿಡಿಸಿ ಗರಿ ಗರಿ ಒರೆಸಿದ. ಶೇಖಮ್ಮ ಎದೆಗೆ ಅವಚಿ ಹಿಡಿದಿದ್ದರಿಂದ ಜಮಾದಾರ ಎಲ್ಲವನ್ನೂ ಸಹಿಸಿದ. ಬಿಸಿಲಿಗೆ ಒಣಗಿದಾಗ ಮೈ ಹೊಸ ಹಂಡೆಯ ಹಾಗೆ ಹೊಳೆಯಿತು. ಕೆರೆಗೆ ಬಂದ ಹೆಂಗಸರು ಕೊಡ ಇಳಿಸಿ ನೋಡಿದರು. ಸುಂಕಪ್ಪ ತನ್ನದೇ ಮದುವೆಯಾಗುತ್ತಿರುವಂತೆ ಮೀಸೆ ಒರೆಸಿಕೊಂಡ.

ಕೋಟೆಯ ಪಕ್ಕದ ಬಯಲಿನಲ್ಲಿ ಡೇರೆ ಹಾಕಿದ್ದರು. ಬಾಗಿಲಲ್ಲಿ ಕೂತ ಗುಮಾಸ್ತ ಪಟ್ಟಿ ನೋಡಿ, "ಯಾರ ಹೆಸರಿಲೆ ಹುಂಜ ಬರಸೀರಿ, ಅವರ ಹಿಡಕೊಂಡು ನಿಂದರಬೇಕು. ಬ್ಯಾರೇದವರು ಹೊರಗ," ಎಂದ.

ಪಟ್ಟಿಯಲ್ಲಿ ಇದ್ದದ್ದು ಸುಂಕಪ್ಪನ ಹೆಸರು.

ಶೇಖಮ್ಮ ರಾಮಣ್ಣನ ಕಡೆ ತಿರುಗಿದಳು. "ಬೆಳಸಿದಾಕಿ ನಾನು. ಅಂವನ ಹೆಸರು ಯಾಕ ಬರದಿ?"

"ಮನೀ ಯಜಮಾನಂದು ಬರೀಬೇಕವ್ವಾ. ಹೆಣ್ಮಕ್ಕಳ ಹೆಸರಿಗೆ ಕಾಗದದಾಗ ಜಾಗಾ ಇರೂದಿಲ್ಲ."

"ಹೋಗ್ಲಿ ಬಿಡು ಬೇ," ಎಂದ ಸುಂಕಪ್ಪ. "ನಿಂದೇನು, ನಂದೇನು."

ಶೇಖಮ್ಮ ಹುಂಜವನ್ನು ಅವನ ಕೈಗೆ ಕೊಟ್ಟಳು. ಒಂದು ಅಂಗೈ ಎದೆಯ ಕೆಳಗೆ, ಕಾಲು ಬೆರಳ ಸಂದಿಯಲ್ಲಿ, ಇನ್ನೊಂದು ಕೈ ರೆಕ್ಕೆಯ ಮೇಲೆ ಎಂದು ಬಂದೇನವಾಜ್ ಪಾಠ ಹೇಳುತ್ತಿದ್ದ. ಪಾಠ ಮುಗಿಯುವ ಮುಂಚೆ ಜಮಾದಾರ ಸುಂಕಪ್ಪನ ಎರಡೂ ಕೆನ್ನೆಗೆ ರೆಕ್ಕೆಯಿಂದ ಬಾರಿಸಿ, ಮೂಗಿಗೆ ಒಂದು ಕೊಟ್ಟು, ಶೇಖಮ್ಮನ ಹೆಗಲೇರಿದ.

"ಭಾಭಿ, ಬಿಸಲಿಗೆ ಹುಂಜಕ್ಕ ತಲಿ ಕೆಟ್ಟದ. ಹೋಗಿ ಕೆರಿಯಿಂದ ಒಂದು ಚರಿಗಿ ನೀರು ತಗೊಂಬಾ," ಎಂದ ಬಂದೇನವಾಜ್.

ಹುಂಜವನ್ನು ಡೇರೆಯ ಗೂಟಕ್ಕೆ ಕಟ್ಟಿ ಅವಳು ಅತ್ತ ಹೋದದ್ದೇ ಅವನು ಒಳಜೇಬಿನಿಂದ ಎರಡನೆಯ ಸೀಸೆ ತೆಗೆದ. ಅದರಲ್ಲಿದ್ದದ್ದು ಎಣ್ಣೆಯಲ್ಲ, ಈಚಲ ಹೆಂಡ, ಸೇಂದಿ. ರೊಟ್ಟಿಯ ತುಣುಕು ಅದರಲ್ಲಿ ಅದ್ದಿದ.

"ಏ, ಬ್ಯಾಡಪ್ಪಾ, ಗೊತ್ತಾದ್ರ ನನ್ನ ಕೊಲ್ತಾಳ," ಎಂದ ಸುಂಕಪ್ಪ.

"ಹುಂಜ ಉಳೀಬೇಕೋ ಬ್ಯಾಡೋ? ಹುಂಜ ಉಳದ್ರ ಆಕಿ ಖುಷಿ. ಆಕಿ ಖುಷಿ ಆದ್ರ ನೀ ಉಳೀತಿ. ಹಿಡಿ ಬಾಯಿ."

ಬಾಯಿ ಹಿಡಿಯುವ ಅಗತ್ಯ ಬೀಳಲಿಲ್ಲ. ಮೊದಲ ತುಣುಕು ತಿಂದ ಜಮಾದಾರ ಎರಡನೆಯದನ್ನು ತಾನೇ ಕಸಿದುಕೊಂಡ. ಐದನೆಯದಕ್ಕೆ ಸುಂಕಪ್ಪನ ಮುಖವನ್ನು ಬಹಳ ಹೊತ್ತು ನೋಡಿ, ಮೂರು ವರ್ಷದ ವೈರ ಮರೆತು, ಅವನ ತೋಳಿನ ಮೇಲೆ ಒರಗಿದ.

ಹೈದರಾಬಾದಿನಿಂದ ಬಂದ ದೊಡ್ಡ ಅಧಿಕಾರಿಯನ್ನು ಮಂದಿ ಕೋಳಿ ಸಾಹೇಬ ಎನ್ನುತ್ತಿದ್ದರು. ಅವರ ಉರ್ದುವನ್ನು ಕನ್ನಡಕ್ಕೆ ಇಳಿಸಲು ರಾಮಣ್ಣ ತಾನೇ ಮುಂದೆ ಬಿದ್ದು ಒಳಗೆ ಸೇರಿದ್ದ. ಸಾಹೇಬರು ಒಂದೊಂದು ಹುಂಜದ ಬೆರಳು ಎಣಿಸಿ, ರೆಕ್ಕೆ ಬಿಡಿಸಿ, ಗರಿಯೊಳಗೆ ಊದಿ ಹೇನು ಹುಡುಕುತ್ತಾ ಬಂದರು. ದೇವದುರ್ಗದ ಹುಂಜ ಅವರ ಬೆರಳು ಕಡಿಯಿತು. ಗೂಗಲ್ ಊರಿನ ಹುಂಜ ಕೋಟಿನ ಮೇಲೆ ಹೇತಿತು. ಜಮಾದಾರ ಮಾತ್ರ ಸಾಹೇಬರ ತೋಳಿನ ಮೇಲೆ ತಲೆಯಿಟ್ಟು ಮೆಲ್ಲಗೆ ಕಣ್ಣು ಮುಚ್ಚಿದ.

ಸಾಹೇಬರು ಅದರ ಕುತ್ತಿಗೆ ಸವರುತ್ತಾ ಏನೋ ಹೇಳಿದರು. ರಾಮಣ್ಣ ಇಳಿಸಿದ: "ಇಪ್ಪತ್ತು ವರ್ಷದ ನೌಕರಿಯೊಳಗ ಇಂಥಾ ಸಜ್ಜನ ಅಸೀಲ್ ನೋಡಿಲ್ಲ ಅಂತಾರ. ಕೈ ಪಳಗಿಸಿದ್ದು ಅಂದ್ರ ಇದು ಅಂತಾರ. ಪಹಿಲಾ ನಂಬರು!"

ಜನ ಚಪ್ಪಾಳೆ ಹೊಡೆದರು. ಸುಂಕಪ್ಪನ ಕಣ್ಣಲ್ಲಿ ನೀರು ಬಂತು. ಶೇಖಮ್ಮ ಜನರನ್ನು ಸರಿಸಿ ಓಡಿಬಂದು ಹುಂಜವನ್ನು ಎತ್ತಿಕೊಂಡಳು. ಎತ್ತಿಕೊಂಡವಳು ಅದರ ಕೊಕ್ಕು ಮೂಸಿದಳು.

"ಕುಡಿಸೀಯಾ?"

"ಗೆದ್ದೀವಲ್ಲ ಬೇ."

"ಕುಡಿಸೀಯಾ ಅಂತ ಕೇಳಿದ್ನಿ."

ಅಷ್ಟರಲ್ಲಿ ಸುಂಕಪ್ಪನನ್ನು ಮೇಜಿನ ಹತ್ತಿರ ಕರೆದರು. ಕೈಗೆ ಕೆಂಪು ಮೊಹರಿನ ಸನದು ಬಂತು. ಗುಂಪಿನಲ್ಲಿ ಮಾಳಿಂಗಪ್ಪ ನಿಂತಿದ್ದ, ತನ್ನ ಸಾಹೇಬರ ಜೊತೆ ಅವನೂ ನುಮಾಯಿಷ್ ನೋಡಲು ಬಂದಿದ್ದ. ಸುಂಕಪ್ಪ ಸನದನ್ನು ಅವನ ಮೂಗಿನ ಮುಂದೆ ಹಿಡಿದ. "ನೋಡ್ರಿ. ಮೊಹರು. ಈಗ ಮುಟ್ರಿ ನೋಡೂನು."

ಮಾಳಿಂಗಪ್ಪ ನಿಧಾನವಾಗಿ ಓದಿದ. "ಇದು ನಿನ್ನ ಹೆಸರಿಲೆ ಅದಲ್ಲೋ. ಇನ್ನ ಮ್ಯಾಲೆ ನಿನ್ನನ್ನ ಯಾರೂ ಕೊಯ್ಯಂಗಿಲ್ಲ, ಹೆದರಬ್ಯಾಡ. ಹುಂಜದ ಮಾತು ಇದರಾಗ ಎಲ್ಲೈತಿ?"

ಸುಂಕಪ್ಪ ಬಾಯಿ ತೆರೆದಾಗಲೇ ಇನಾಮು ಬಂತು. ಇಬ್ಬರು ಜವಾನರು ಒಂದು ಪಂಜರ ಹೊತ್ತು ತಂದರು. ಒಳಗೆ ವಿಲಾಯತಿ ಹುಂಜ. ಬೆಳ್ಳಗೆ ಅರಳೆಯ ಹಾಗೆ, ಜುಟ್ಟು ಒಂದು ಕಡೆ ಜೋತು, ನೋಡಿದರೆ ಆಗ ತಾನೇ ಜ್ವರ ಬಿಟ್ಟೆದ್ದ ದೊಡ್ಡ ಮನುಷ್ಯ. ಸಾಹೇಬರು ಅದನ್ನು ತಾವೇ ಎತ್ತಿ ಸುಂಕಪ್ಪನ ತೋಳಿಗೆ ಕೊಟ್ಟು, ಹಸಿರು ಕಾಗದದ ಹಿಂದಿನ ಪುಟ ಓದತೊಡಗಿದರು. ರಾಮಣ್ಣ ಆ ಪುಟವನ್ನು ಆ ಹೊತ್ತಿನವರೆಗೂ ತಿರುವಿರಲಿಲ್ಲ. ಒಂದೊಂದು ಸಾಲಿಗೂ ಅವನ ದನಿ ಇಳಿಯುತ್ತಾ ಹೋಯಿತು.

"ಇದು ಜಾತಿ ಸುಧಾರಸಾಕ ಸರ್ಕಾರ ಕೊಡೂ ಹುಂಜ. ಇದನ್ನ ಮಾರಂಗಿಲ್ಲ, ಕೊಯ್ಯಂಗಿಲ್ಲ, ಯಾರಿಗೂ ಕೊಡಂಗಿಲ್ಲ. ಸತ್ರ ಹೆಣ ತಂದು ತೋರಸಬೇಕು. ಮತ್ತ... ಇದು ಇರೂ ಮನ್ಯಾಗ, ಆಜೂಬಾಜೂ ಮನ್ಯಾಗ, ನಾಟಿ ಹುಂಜ ಒಂದೂ ಇರಬಾರ್ದು. ಇವತ್ತ ತಗೀಬೇಕು."

"ಹಂಗಾರ ಗೆದ್ದ ಹುಂಜ?" ಎಂದ ಸುಂಕಪ್ಪ.

ರಾಮಣ್ಣ ಕೇಳಿದ. ಸಾಹೇಬರು ಬೇಸರದಿಂದ ತಲೆಯಾಡಿಸಿದರು. "ಅದೂ ನಾಟೀನ ಅಂತಾರ. ಭಾಳ ಚಲೋ ಹುಂಜ, ಆದ್ರ ನಾಟಿ."

"ಏ ಸುಂಕಪ್ಪಾ," ಎಂದು ಬಂದೇನವಾಜ್ ಹಿಂದಿನಿಂದ ಪಿಸುಗುಟ್ಟಿದ, "ಬಾಜೂ ಮನ್ಯಾಗ ಯಾರು ಅದಾರ ಅಂತ ಹೇಳಬ್ಯಾಡ. ನನ್ನವು ನಾಕು ಹುಂಜ ಅದಾವ!" ಗುಮಾಸ್ತ ತಲೆಯೆತ್ತಿ, ನೀನು ಇವನ ನೆರೆಯವನೇನು ಎಂದು ಕೇಳಿದ. ಬಂದೇನವಾಜ್ ಸುಂಕಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಈ ಮನುಷ್ಯಾನ್ನ ನಾ ಇವತ್ತ ಮೊದಲ ಸಲ ನೋಡಾಕತ್ತೀನಿ," ಎಂದು ಹೇಳಿ ಗುಂಪಿನಲ್ಲಿ ಕರಗಿದ.

"ನನಗ ಇನಾಮು ಬ್ಯಾಡ್ರಿ," ಎಂದ ಸುಂಕಪ್ಪ.

ರಾಮಣ್ಣ ಅದನ್ನು ಉರ್ದುವಿಗೆ ಹಾಕಲೇ ಇಲ್ಲ. "ಮೆತ್ತಗ ಮಾತಾಡು ಲೇ. ಸರ್ಕಾರದ ಇನಾಮು ಒಲ್ಲೆ ಅಂದ್ರ ಸರ್ಕಾರಾನ ಒಲ್ಲೆ ಅಂದಂಗ. ಇಲ್ಲಿಂದ ಸೀದಾ ಒಳಗ ಹಾಕ್ತಾರ."

ಮಾಳಿಂಗಪ್ಪ ಒಂದು ಗೋಣಿಚೀಲ ಕೊಡವಿ ಮುಂದೆ ಬಂದ. "ಸಾಹೇಬರಿಗೆ ತೊಂದರಿ ಬ್ಯಾಡ. ನಾಟಿ ಹುಂಜ ನಾ ತಗೊಂಡು ಹೋಗ್ತೀನಿ. ಅಮಾಸಿತನಾ ಯಾಕ ಕಾಯಬೇಕು?"

ಶೇಖಮ್ಮ ಜಮಾದಾರನನ್ನು ಸೆರಗಿನೊಳಗೆ ಎಳೆದುಕೊಂಡು ಸಾಹೇಬರ ಮೇಜಿನ ಮುಂದೆ ಹೋಗಿ ನಿಂತಳು.

"ರಾಮಣ್ಣಾ, ನಾ ಕೇಳಿದ್ದು ಕೇಳಿದಂಗ ಹೇಳು. ಈ ಹುಂಜ ಸುಂಕಪ್ಪನ ಮನ್ಯಾಗ ಇರಬಾರ್ದು. ಅಷ್ಟ ಹೌದಲ್ಲೋ? ಕೊಯ್ಯಬೇಕು ಅಂತೇನಿಲ್ಲಲ್ಲ?"

ಸಾಹೇಬರು ಕಾಗದ ಮೊದಲಿಂದ ಕೊನೆಯವರೆಗೆ ಓದಿದರು, ತಿರುವಿ ಮತ್ತೆ ಓದಿದರು. ಕೊಯ್ಯಬೇಕು ಅಂತೇನಿಲ್ಲ ಎಂದರು.

"ನನ್ನ ತವರುಮನಿ ಗಬ್ಬೂರು. ಅಲ್ಲಿ ಬಿಳೇ ಹುಂಜ ಇಲ್ಲ."

ಅದಕ್ಕೆ ಅಡ್ಡಿಯಿಲ್ಲ ಎಂದರು ಸಾಹೇಬರು. ನಾಟಿ ಹುಂಜ ಮನೆಯಿಂದ ತೆಗೆಯಲಾಗಿದೆ ಎಂದು ಗುಮಾಸ್ತ ಬರೆದುಕೊಂಡ. ಮಾಳಿಂಗಪ್ಪ ಗೋಣಿಚೀಲ ಮಡಚಿದ.

"ಭೇಷ್ ಮಾಡಿದಿ ಬೇ!" ಎಂದ ಸುಂಕಪ್ಪ. "ನಿಮ್ಮವ್ವನ ಕಡಿ ಬಿಟ್ಟು ನಾಳಿಗೆ ಬಂದ್ಬಿಡು."

"ಯಾಕ ಬರಬೇಕು?" ಎಂದಳು ಶೇಖಮ್ಮ. ದನಿ ಏರಿರಲಿಲ್ಲ. "ಇದು ಇರೂ ಹಂಗಿಲ್ಲದ ಮನ್ಯಾಗ ನಂದೇನು ಕೆಲಸ? ನೀನು ಕೂಸಿನಂಥಾದಕ್ಕ ಸೇಂದಿ ಕುಡಿಸಿದಿ, ನಿನ್ನ ಹೆಸರು ಬರಿಸಿದಿ, ಸನದು ತಗೊಂಡಿ. ಬಿಳೇ ಹುಂಜನೂ ತಗೊಂಡಿ. ಇಬ್ರೂ ಚಂದಾಗಿ ಬಾಳ್ವಿ ಮಾಡ್ರಿ."

ಹೊರಟೇಬಿಟ್ಟಳು. ಸುಂಕಪ್ಪ ಒಂದು ಕೈಯಲ್ಲಿ ಸನದು, ಇನ್ನೊಂದು ತೋಳಿನಲ್ಲಿ ವಿಲಾಯತಿ ಹುಂಜ ಹಿಡಿದು ಅವಳ ಹಿಂದೆ ಓಡತೊಡಗಿದ. ಸಾಹೇಬರು ಗಾಬರಿಯಿಂದ ಎದ್ದು ಕೂಗಿದರು. ರಾಮಣ್ಣ ಅವರಿಗಿಂತ ಜೋರಾಗಿ ಕೂಗಿದ:

"ಓಡಬ್ಯಾಡೋ! ಬಿಳೇ ಹುಂಜದ ಎದಿ ಭಾಳ ನಾಜೂಕ ಅಂತ! ಕುಲುಕಿದ್ರ ಸಾಯ್ತದಂತ! ಸತ್ರ ಜವಾಬ್ದಾರಿ ನಿಂದು!"

ಸುಂಕಪ್ಪ ನಿಂತ. ಆಮೇಲೆ, ತುಂಬಿದ ಕೊಡ ಹೊತ್ತವನ ಹಾಗೆ, ಒಂದೊಂದೇ ಹೆಜ್ಜೆ ಇಡುತ್ತಾ ನಡೆದ. ಬಿಳಿ ಹುಂಜ ಅವನ ತೋಳಿನ ಮೇಲೆ ಆರಾಮಾಗಿ ಕೂತು ಆಚೀಚೆ ನೋಡುತ್ತಿತ್ತು. ಮುಂದೆ ಶೇಖಮ್ಮ ಬಿರಬಿರನೆ ಬಯಲು ದಾಟಿದಳು, ಡೇರೆಗಳನ್ನು ದಾಟಿದಳು. ಅವಳ ಹೆಗಲ ಮೇಲಿಂದ ನಶೆ ಇಳಿಯುತ್ತಿದ್ದ ಜಮಾದಾರ ಒಮ್ಮೆ ಹಿಂತಿರುಗಿ ಸುಂಕಪ್ಪನನ್ನು ನೋಡಿದ. ಶೇಖಮ್ಮ ನೋಡಲಿಲ್ಲ. ಗಬ್ಬೂರಿನ ದಾರಿ ಹಿಡಿದು ಹೋದವಳು ಮರಳಿ ಬರಲೂ ಇಲ್ಲ.