ಕಣ್ಣೀರಪ್ಪನ ಪರೀಕ್ಷೆ

ಎಲ್ಲಕ್ಕೂ ಕಾರಣ ಚಾನೆಲ್‌ನವರ ಎರಡು ಸಾಲಿನ ಪತ್ರ. ‘ತರಬೇತಿ ಪ್ರಮಾಣಪತ್ರ ಇಲ್ಲದ ನಿರ್ದೇಶಕರಿಗೆ ಹೊಸ ಧಾರಾವಾಹಿ ಇಲ್ಲ. ಇಂದು ಸಂಜೆ ಐದರೊಳಗೆ ತಲುಪಿಸಿ.’

ಇಪ್ಪತ್ತೆರಡು ವರ್ಷ ಧಾರಾವಾಹಿ ತೆಗೆದು ಮನೆಮನೆಯ ಹೆಂಗಸರನ್ನೂ, ಪೇಪರ್ ಅಡ್ಡ ಹಿಡಿದ ಗಂಡಸರನ್ನೂ ಅಳಿಸಿ ‘ಕಣ್ಣೀರಪ್ಪ’ ಎಂದು ಹೆಸರು ಪಡೆದವರು ಈಗ ಕಾಗದ ತೋರಿಸಬೇಕಂತೆ! ಮೀನಿಗೆ ಈಜಲು ಲೈಸೆನ್ಸ್ ಕೇಳಿದ ಹಾಗಾಯಿತು. ತರಬೇತಿ ಕೇಂದ್ರದಲ್ಲಿ ಹಿರಿಯರೆಂದು ಆರು ತಿಂಗಳ ಪಾಠ ಮಾಫಿ, ಪರೀಕ್ಷೆ ಮಾತ್ರ ತಪ್ಪದು.

“ಅಲ್ಲಿ ನಟರು ಹೇಳದೆ ಕೇಳದೆ ಸೀನ್ ಶುರು ಮಾಡ್ತಾರಂತೆ ಸಾರ್,” ಎಂದ ಅವರ ಕ್ಯಾಮೆರಾಮನ್. “ಬಾಗಿಲು ತೆಗೀತಿದ್ದ ಹಾಗೆ ನಿರ್ದೇಶನ ಶುರು ಹಚ್ಕೊಳ್ಳಿ.”

ಮಧ್ಯಾಹ್ನ ಮೂರಕ್ಕೆ ಕಣ್ಣೀರಪ್ಪ ತರಬೇತಿ ಕೇಂದ್ರದ ಮೊದಲ ಬಾಗಿಲು ತೆಗೆದರು. ಒಳಗೆ ಟೈಪಿಸ್ಟ್ ಅಮ್ಮ ಹೆಡ್ ಕ್ಲಾರ್ಕ್ ಮೇಲೆ ಹರಿಹಾಯುತ್ತಿದ್ದರು.

“ನಮ್ಮಕ್ಕನ ಹೆರಿಗೆ ಇದೆ, ರಜೆ ಅರ್ಜಿಗೆ ಸೀಲ್ ಹಾಕಿ ಅಂದ್ರೆ ವಾರದಿಂದ ಸತಾಯಿಸ್ತೀರಲ್ರೀ!”

“ಕಟ್!” ಎಂದರು ಕಣ್ಣೀರಪ್ಪ. “ಅಮ್ಮಾ, ಸಿಟ್ಟು ಸಾಲ್ದು. ಆ ದಪ್ಪ ಫೈಲ್ ಎತ್ತಿ ಕುಕ್ಕಿ. ಸಾರ್, ನೀವು ಎರಡು ಹೆಜ್ಜೆ ಮುಂದೆ ಬನ್ನಿ, ಮುಖಕ್ಕೆ ಬೆಳಕು ಬೀಳ್ತಿಲ್ಲ.”

ಇಬ್ಬರೂ ಕಕ್ಕಾಬಿಕ್ಕಿಯಾದರು. ಆದರೆ ಆಕೆಗೆ ಸಲಹೆ ಹಿಡಿಸಿತು. ಕುಕ್ಕಿದ ಫೈಲ್ ಮೇಜು ತಪ್ಪಿ, ಬೆಳಕಿಗೆ ಬಂದಿದ್ದ ಹೆಡ್ ಕ್ಲಾರ್ಕ್ ಕಾಲಿನ ಹೆಬ್ಬೆರಳಿನ ಮೇಲೆ ಬಿತ್ತು.

“ಭೇಷ್! ಎಂಥಾ ನೋವು!” ಕಣ್ಣೀರಪ್ಪ ಚಪ್ಪಾಳೆ ತಟ್ಟಿದರು.

“ಯಾರ್ರೀ ನೀವು? ಪರೀಕ್ಷೆ ಮಹಡಿ ಮೇಲೆ!” ಒಂಟಿ ಕಾಲಲ್ಲಿ ಕುಣಿಯುತ್ತ ಹೆಡ್ ಕ್ಲಾರ್ಕ್ ಅರಚಿದರು. “ಕಂಡೋರ ಜಗಳದಲ್ಲಿ ತಲೆ ಹಾಕೋಕೆ ನಾಚಿಕೆ ಆಗಲ್ವಾ?”

ನಾಚಿಕೆಯೇ ಆಯಿತು. ಮಹಡಿ ಹತ್ತಿ ಬಾಗಿಲು ತೆಗೆದರೆ, ಗಂಡ ಸೂಟ್‌ಕೇಸ್ ಎಳೆಯುತ್ತಿದ್ದಾನೆ, ಹೆಂಡತಿ ಅಳುತ್ತಿದ್ದಾಳೆ, ಮೂವರು ಹಿರಿಯರು ಮುಖ ಗಂಟಿಕ್ಕಿ ಕೂತಿದ್ದಾರೆ. ಪಾಪ, ಯಾರದೋ ಸಂಸಾರ. “ಕ್ಷಮಿಸಿ” ಎಂದು ಬಾಗಿಲೆಳೆದುಕೊಂಡು ಹೊರಗೆ ಬೆಂಚಿನ ಮೇಲೆ ಕೂತರು.

ಒಂದು ಗಂಟೆಯಾದ ಮೇಲೆ ಆ ಮೂವರಲ್ಲಿ ಒಬ್ಬರು ಹೊರಬಂದರು. ಅವರೇ ಪ್ರಿನ್ಸಿಪಾಲರು.

“ನಟರನ್ನ ನಡುನೀರಲ್ಲಿ ಬಿಟ್ಟು ಓಡಿದ ನಿರ್ದೇಶಕರನ್ನ ಇವತ್ತೇ ನೋಡಿದ್ದು. ನಿಮಗೆ ಸೊನ್ನೆ.”

ಕಣ್ಣೀರಪ್ಪನವರಿಗೆ ನೆತ್ತಿ ಉರಿಯಿತು. “ಅನ್ಯಾಯ ಸಾರ್ ಇದು! ಕೆಳಗೆ ಅಂಥಾ ಸೀನ್ ಮಾಡ್ಸಿದೀನಿ. ಹೋಗಿ ಆ ಹೆಬ್ಬೆರಳು ನೋಡಿ ಬೇಕಾದ್ರೆ!”

ಕತೆ ಕೇಳಿ ಪ್ರಿನ್ಸಿಪಾಲರ ಕಣ್ಣರಳಿತು. “ಅವರಿಬ್ಬರ ಕೈಲಿ ಹತ್ತು ವರ್ಷದಿಂದ ನನಗೆ ಒಂದು ಕೆಲಸಾನೂ ಮಾಡ್ಸೋಕಾಗಿಲ್ಲ. ನೀವು ಎರಡೇ ಮಾತಲ್ಲಿ ಮಾಡ್ಸಿದ್ರಾ? ಪಾಸ್! ಕೆಳಗೆ ಪ್ರಮಾಣಪತ್ರ ಟೈಪ್ ಮಾಡಿಸಿ, ಸೀಲ್ ಹಾಕಿಸ್ಕೊಳ್ಳಿ.”

ಕಣ್ಣೀರಪ್ಪ ಮೆಟ್ಟಿಲು ಹಾರಿಕೊಂಡು ಇಳಿದರು. ಗಂಟೆ ನಾಲ್ಕೂಕಾಲು.

“ಆ ಯಮ್ಮ ಟೈಪ್ ಮಾಡಿದ ಕಾಗದಕ್ಕೆ ಇನ್ಮೇಲೆ ನಾನು ಸೀಲ್ ಹಾಕಲ್ಲ,” ಎಂದರು ಹೆಡ್ ಕ್ಲಾರ್ಕ್, ಹೆಬ್ಬೆರಳಿಗೆ ಬಟ್ಟೆ ಸುತ್ತುತ್ತ.

“ನನ್ನ ಅರ್ಜಿಗೆ ಸೀಲ್ ಬೀಳೋವರೆಗೂ ನಾನು ಒಂದಕ್ಷರ ಟೈಪ್ ಮಾಡಲ್ಲ,” ಎಂದರು ಟೈಪಿಸ್ಟ್ ಅಮ್ಮ.

ನಾಲ್ಕೂಮುಕ್ಕಾಲಾಯಿತು. ಕಣ್ಣೀರಪ್ಪ ಕೈ ಮುಗಿದರು. ಜೀವಮಾನದಲ್ಲಿ ಮೊದಲ ಸಲ ಅವರ ಕಣ್ಣಲ್ಲೇ ನೀರು ಬಂತು.

“ಅಮ್ಮಾ, ದಮ್ಮಯ್ಯ, ಸ್ವಲ್ಪ ಸಿಟ್ಟು ಕಡಿಮೆ ಮಾಡ್ಕೊಳ್ಳಿ.”

ಆಕೆ ಮತ್ತೊಂದು ದಪ್ಪ ಫೈಲಿಗೆ ಕೈ ಹಾಕಿದರು.

“ಸಾಲ್ದು ಅಂದಿದ್ದು ನೀವೇ ಅಲ್ವಾ ಸಾರ್?”